ಅಮೆರಿಕಕ್ಕೆ ಮಿಕ್ಸಿ, ವೆಟ್ ಗ್ರೈಂಡರ್ ಒಯ್ಯಬಹುದಾ? 230 ವೋಲ್ಟ್, 50 ಹರ್ಟ್ಜ್ ಸಾಮಾನು ಅಲ್ಲಿ ನಡೆಯುತ್ತಾ?

ಕಬ್ಬನ್‌ಪೇಟೆ_ಹುಡುಗಿ
ಮುಂದಿನ ತಿಂಗಳು ಬೆಂಗಳೂರಿಂದ ಡಲ್ಲಾಸ್‌ಗೆ ಶಿಫ್ಟ್, ಬಾಡಿಗೆ ಅಪಾರ್ಟ್‌ಮೆಂಟ್. ಒಯ್ಯೋಣ ಅಂತಿರೋ ಪಟ್ಟಿ: 750 ವ್ಯಾಟ್ ಮಿಕ್ಸಿ, 2 ಲೀಟರ್ ಟೇಬಲ್‌ಟಾಪ್ ವೆಟ್ ಗ್ರೈಂಡರ್, 2000 ವ್ಯಾಟ್ ಇಂಡಕ್ಷನ್ ಒಲೆ, 1500 ವ್ಯಾಟ್ ಕೆಟಲ್, ಇಸ್ತ್ರಿ ಪೆಟ್ಟಿಗೆ, ಲ್ಯಾಪ್‌ಟಾಪ್. ಲ್ಯಾಪ್‌ಟಾಪ್ ಚಾರ್ಜರ್ ಬಿಟ್ಟರೆ ಎಲ್ಲದರ ಮೇಲೂ 230 ವೋಲ್ಟ್ 50 ಹರ್ಟ್ಜ್ ಅಂತಿದೆ. ಅಂಗಡಿಯವರು "2000 ವ್ಯಾಟ್ ಕನ್ವರ್ಟರ್ ಒಂದು ತಗೊಳ್ಳಿ, ಎಲ್ಲಾ ಓಡುತ್ತೆ" ಅಂತ ಒಂದು ಡಬ್ಬಿ ತೋರಿಸಿದರು. ಅಂಗೈಯಷ್ಟಿದೆ, ಅರ್ಧ ಕೆಜಿಯೂ ತೂಗಲ್ಲ. ನಂಬಬಹುದಾ?

ಬೆಣ್ಣೆದೋಸೆ
ಕುಕ್ಕರ್ ಒಂದು ತಗೊಂಡು ಹೋಗಿ ಸಾಕು. ಅದು ಎಲ್ಲ ದೇಶದಲ್ಲೂ ಮೂರೇ ಸೀಟಿ.

ಸುರುಳಿಸುತ್ತು
ಆ ಡಬ್ಬಿ ಬೇಡ. ಅಮೆರಿಕದ ಕರೆಂಟ್ 120 ವೋಲ್ಟ್, 60 ಹರ್ಟ್ಜ್ (ಹರ್ಟ್ಜ್ ಅಂದರೆ ಕರೆಂಟಿನ ಅಲೆ ಸೆಕೆಂಡಿಗೆ ಎಷ್ಟು ಸಲ ಬರುತ್ತೆ ಅನ್ನೋದು). ಅರ್ಧ ಕೆಜಿಯ "2000 ವ್ಯಾಟ್" ಡಬ್ಬಿಗಳ ಒಳಗೆ ಟ್ರಾನ್ಸ್‌ಫಾರ್ಮರ್ ಇರಲ್ಲ, ಫ್ಯಾನ್ ರೆಗ್ಯುಲೇಟರ್‌ನಲ್ಲಿರೋ ಥರ ಒಂದು ಟ್ರಯಾಕ್ (ಎಲೆಕ್ಟ್ರಾನಿಕ್ ಸ್ವಿಚ್) ಇರುತ್ತೆ. ಅಲೆಯನ್ನ ಕತ್ತರಿಸಿ 220ನ್ನ 110 ಥರ ಮಾಡುತ್ತೆ ಅಷ್ಟೆ. ಅಂದರೆ ಅದು ಅಮೆರಿಕದ ಹೇರ್ ಡ್ರೈಯರನ್ನ ಇಲ್ಲಿ ಓಡಿಸೋಕೆ, ಇಲ್ಲಿಯ ಸಾಮಾನನ್ನ ಅಲ್ಲಿ ಓಡಿಸೋಕಲ್ಲ. ಕತ್ತರಿಸಿ ಕಡಿಮೆ ಮಾಡಬಹುದು, ಕತ್ತರಿಸಿ ಜಾಸ್ತಿ ಮಾಡೋಕೆ ಆಗಲ್ಲ. 120ನ್ನ 240 ಮಾಡೋಕೆ ಕಬ್ಬಿಣ, ತಾಮ್ರ ಇರೋ ನಿಜವಾದ ಟ್ರಾನ್ಸ್‌ಫಾರ್ಮರ್ರೇ ಬೇಕು. 2000 ವಿಎ (ವ್ಯಾಟ್ ಥರದ್ದೇ ಅಳತೆ) ಆಟೋ ಟ್ರಾನ್ಸ್‌ಫಾರ್ಮರ್ (ಒಂದೇ ಸುರುಳಿಯದ್ದು) ಹತ್ತು ಕೆಜಿ ಆಸುಪಾಸು ಬರುತ್ತೆ. ತೂಕ ಇಲ್ಲ ಅಂದರೆ ಮಾಲಿಲ್ಲ.

ಇನ್ನು ನಿಮ್ಮ ಪಟ್ಟಿ. ಹೊರಗಿನ ಹೆಸರು ಬಿಟ್ಟು ಒಳಗೆ ಏನಿದೆ ಅಂತ ನೋಡಿ.

ಕೆಟಲ್, ಇಸ್ತ್ರಿ: ಬರೀ ಕಾಯಿಲ್. ಹರ್ಟ್ಜ್ ಎಷ್ಟಿದ್ದರೂ ಅದಕ್ಕೆ ಒಂದೇ, ವೋಲ್ಟ್ ಮಾತ್ರ ಲೆಕ್ಕ. ಶಾಖ ವೋಲ್ಟಿನ ವರ್ಗದ ಮೇಲೆ ಹೋಗುತ್ತೆ, ಹಾಗಾಗಿ 1500 ವ್ಯಾಟ್ ಕೆಟಲ್ 120 ವೋಲ್ಟಲ್ಲಿ 408 ವ್ಯಾಟ್. ಒಂದು ಲೀಟರ್ ನೀರು ಇಲ್ಲಿ ಮೂರೂವರೆ ನಿಮಿಷಕ್ಕೆ ಕುದಿದರೆ ಅಲ್ಲಿ ಹದಿಮೂರು ನಿಮಿಷದ ಮೇಲೆ. ಸುಡಲ್ಲ, ಆದರೆ ಪ್ರಯೋಜನವೂ ಇಲ್ಲ. ಅಲ್ಲಿನದೇ ಕೊಳ್ಳಿ.

ಇಂಡಕ್ಷನ್ ಒಲೆ: ಬಿಟ್ಟುಬಿಡಿ. 120ಕ್ಕೆ ಲೋ ವೋಲ್ಟೇಜ್ ಎರರ್ ತೋರಿಸಿ ಕೂರುತ್ತೆ. ಟ್ರಾನ್ಸ್‌ಫಾರ್ಮರ್ ಹಾಕಿದರೂ 2000 ವ್ಯಾಟ್ ಅಂದರೆ 120ರ ಕಡೆ ಹದಿನೇಳು ಆಂಪಿಯರ್, ಮಾಮೂಲಿ 15 ಆಂಪಿಯರ್ ಬ್ರೇಕರ್ ನಿಲ್ಲಲ್ಲ.

ಮಿಕ್ಸಿ: ಕಾರ್ಬನ್ ಬ್ರಷ್ ಇರೋ ಮೋಟರ್. ಡಿಸಿಯಲ್ಲೂ ತಿರುಗುತ್ತೆ, 60 ಹರ್ಟ್ಜ್ ಏನೂ ಮಾಡಲ್ಲ. ಸರಿಯಾದ ಸ್ಟೆಪ್ ಅಪ್ (ವೋಲ್ಟ್ ಏರಿಸೋ ಟ್ರಾನ್ಸ್‌ಫಾರ್ಮರ್) ಕೊಟ್ಟರೆ ಇಲ್ಲಿನ ಹಾಗೇ ಓಡುತ್ತೆ.

ವೆಟ್ ಗ್ರೈಂಡರ್: ಇದೇ ತಲೆನೋವು. ಇಂಡಕ್ಷನ್ ಮೋಟರ್, ಅದರ ವೇಗ ಹರ್ಟ್ಜ್‌ಗೆ ಕಟ್ಟಿಹಾಕಿದ್ದು.

ಲ್ಯಾಪ್‌ಟಾಪ್ ಚಾರ್ಜರ್ ಮೇಲೆ "100–240 ವೋಲ್ಟ್, 50/60 ಹರ್ಟ್ಜ್" ಅಂತಿದ್ದರೆ ಬರೀ ಪಿನ್ ಅಡಾಪ್ಟರ್ ಸಾಕು.

ಆಸ್ಟಿನ್_ಅವಲಕ್ಕಿ
ಒಂದು ತಿದ್ದುಪಡಿ. ಇಲ್ಲಿ ಅಡುಗೆಮನೆ ಕಟ್ಟೆಯ ಸಾಕೆಟ್‌ಗಳಿಗೆ ವೈರಿಂಗ್ ಕೋಡ್ (ನಿಯಮಾವಳಿ) ಪ್ರಕಾರ ಕನಿಷ್ಠ ಎರಡು 20 ಆಂಪಿಯರ್ ಸರ್ಕ್ಯೂಟ್ ಇರಲೇಬೇಕು. 15 ಆಂಪಿಯರ್ ಇರೋದು ಹೆಚ್ಚಾಗಿ ಹಾಲ್, ಬೆಡ್‌ರೂಮ್‌ನಲ್ಲಿ. ಹಾಗಾಗಿ ಟ್ರಾನ್ಸ್‌ಫಾರ್ಮರನ್ನ ಅಡುಗೆಮನೆಯಲ್ಲೇ ಇಡಿ. ಅಲ್ಲೂ ಅದೇ ಸರ್ಕ್ಯೂಟಲ್ಲಿ ಮೈಕ್ರೋವೇವ್ ಓಡುವಾಗ ಮಿಕ್ಸಿ ಹಾಕಬೇಡಿ.

ಸುರುಳಿಸುತ್ತು
ಒಪ್ಪಿದೆ. ಆದರೂ 2000 ವ್ಯಾಟ್ ಒಲೆಗೆ ಅದೂ ಸಾಲದು. ಹೊತ್ತುಗಟ್ಟಲೆ ಓಡೋ ಲೋಡ್‌ಗೆ ಬ್ರೇಕರಿನ 80 ಶೇಕಡಾ ಮಾತ್ರ ಲೆಕ್ಕ, ಅಂದರೆ 20ರಲ್ಲಿ 16 ಆಂಪಿಯರ್.

ಕಬ್ಬನ್‌ಪೇಟೆ_ಹುಡುಗಿ
ಧನ್ಯವಾದ. ಒಲೆ, ಕೆಟಲ್, ಇಸ್ತ್ರಿ ಮೂರೂ ಪಟ್ಟಿಯಿಂದ ಔಟ್. ಮಿಕ್ಸಿಗೆ ಎಷ್ಟರ ಟ್ರಾನ್ಸ್‌ಫಾರ್ಮರ್? 750 ವ್ಯಾಟ್‌ಗೆ 750ರದ್ದೇ ಸಾಕಾ?

ಹುಬ್ಬಳ್ಳಿ_ವೈಂಡಿಂಗ್
ಸಾಲಂಗಿಲ್ರೀ ಅಕ್ಕಾರ. ಮಿಕ್ಸಿ ಸ್ಟಾರ್ಟ್ ಆಗೂ ಮುಂದ ಬರೆದಿದ್ದಕ್ಕಿಂತ ಹಲವು ಪಟ್ಟು ಕರೆಂಟ್ ಎಳೀತೈತಿ, ಒಣಕೊಬ್ಬರಿ ಹಾಕಿ ಬ್ಲೇಡ್ ಬಿಗಿ ಹಿಡೀತಂದ್ರ ಮತ್ತೂ ಜಾಸ್ತಿ. ಕಮ್ಮಿ ಅಂದ್ರೂ ಎರಡರಷ್ಟು, 1500 ವಿಎ ಬೇಕು. 2000 ಇದ್ರ ಚಿಂತಿಲ್ಲ. ಮೊದಲ ಟ್ರಾನ್ಸ್‌ಫಾರ್ಮರ್ ಸ್ವಿಚ್ ಹಾಕ್ರಿ, ಅದರ ಗುಂಯ್ ಅನ್ನೂದು ಒಂದ್ ಸಮ ಆಗ್ಲಿ, ಆಮ್ಯಾಲ ಮಿಕ್ಸಿ 1ಕ್ಕ, ಆಮ್ಯಾಲ 3ಕ್ಕ. ಮಿಕ್ಸಿ 3ರಾಗ ಇಟ್ಟು ಟ್ರಾನ್ಸ್‌ಫಾರ್ಮರ್ ಹಾಕಿದ್ರ ಎರಡರ ಎಳೆತಾನೂ ಒಮ್ಮೆ ಬಂದು ಬ್ರೇಕರ್ ಬೀಳ್ತೈತಿ. ಕೆಲಸ ಮುಗದ್ ಮ್ಯಾಲ ಆಫ್ ಮಾಡ್ರಿ. ಲೋಡ್ ಇಲ್ದಿದ್ರೂ ಅದು ಬೆಚ್ಚಗ ಕುಂತು ಕರೆಂಟ್ ತಿಂತೈತಿ.

ಮೂರುಪಿನ್
ಟ್ರಾನ್ಸ್‌ಫಾರ್ಮರ್ ಇಲ್ಲದೆ 230ರ ಮಿಕ್ಸಿಯನ್ನ ನೇರ 120ಕ್ಕೆ ಹಾಕಿ "ಓಡ್ತಾ ಇದೆಯಲ್ಲ, ಸ್ವಲ್ಪ ನಿಧಾನ ಅಷ್ಟೆ" ಅನ್ನೋರು ಇದ್ದಾರೆ, ಆ ಮಾತು ಕೇಳಬೇಡಿ. ಖಾಲಿ ಜಾರಲ್ಲಿ ತಿರುಗುತ್ತೆ. ಚಟ್ನಿ ಹಾಕಿದ ತಕ್ಷಣ ಕುಂಟುತ್ತೆ. ಮೋಟರ್ ತಣ್ಣಗಾಗೋದು ಅದೇ ಶಾಫ್ಟಿನ ಫ್ಯಾನ್‌ನಿಂದ, ಅದು ನಿಧಾನವಾದರೆ ಗಾಳಿ ಇಲ್ಲ. ಕರಟಿದ ವಾಸನೆ ಬರೋವರೆಗೂ ಕಾಯಬೇಡಿ.

ಕಬ್ಬನ್‌ಪೇಟೆ_ಹುಡುಗಿ
ಸರಿ. ಗ್ರೈಂಡರ್ ಕಥೆ ಏನು? ಅದು ಬರೀ 150 ವ್ಯಾಟ್. ಅದೇ ಟ್ರಾನ್ಸ್‌ಫಾರ್ಮರ್‌ಗೆ ಹಾಕಿದರೆ ಆಗಲ್ವಾ?

ಸುರುಳಿಸುತ್ತು
ತಿರುಗುತ್ತೆ, ಆದರೆ ಬೇರೆ ಗ್ರೈಂಡರ್ ಆಗುತ್ತೆ. ನಾಲ್ಕು ಪೋಲ್ ಮೋಟರ್ 50 ಹರ್ಟ್ಜ್‌ನಲ್ಲಿ ನಿಮಿಷಕ್ಕೆ 1500 ಸುತ್ತಿನ ಹತ್ತಿರ, 60ರಲ್ಲಿ 1800ರ ಹತ್ತಿರ. ಇಪ್ಪತ್ತು ಶೇಕಡಾ ಜಾಸ್ತಿ. ಕಲ್ಲು ಬೇಗ ಸುತ್ತಿದರೆ ಒಳ್ಳೇದಲ್ವಾ ಅನ್ನಬೇಡಿ: ಉದ್ದಿನ ಹಿಟ್ಟು ಬಿಸಿಯಾಗುತ್ತೆ, ಪಾತ್ರೆ ಅಂಚಿಂದ ಎರಚುತ್ತೆ.

ಇದಕ್ಕಿಂತ ದೊಡ್ಡ ತೊಂದರೆ ಬಲದ್ದು. ಇಂಡಕ್ಷನ್ ಮೋಟರಿನ ಕಬ್ಬಿಣದಲ್ಲಿ ಎಷ್ಟು ಕಾಂತತ್ವ ಹುಟ್ಟುತ್ತೆ ಅನ್ನೋದು ವೋಲ್ಟನ್ನ ಹರ್ಟ್ಜ್‌ನಿಂದ ಭಾಗಿಸಿದಷ್ಟು. ಇಲ್ಲಿ 230 ಭಾಗಿಸು 50, ಅಂದರೆ 4.6. ಅಲ್ಲಿ 240 ಭಾಗಿಸು 60, ಅಂದರೆ 4. ಮೋಟರಿನ ಗರಿಷ್ಠ ಟಾರ್ಕ್ (ತಿರುಗಿಸೋ ಬಲ) ಇದರ ವರ್ಗದ ಮೇಲೆ ಹೋಗೋದರಿಂದ ಉಳಿಯೋದು 75 ಶೇಕಡಾ. ಬಲ ಕಾಲು ಭಾಗ ಕಮ್ಮಿ, ಕೇಳೋ ಕೆಲಸ ಜಾಸ್ತಿ. ತುಂಬಿದ ಪಾತ್ರೆ ಇಟ್ಟು ಸ್ವಿಚ್ ಹಾಕಿದರೆ ಬರೀ ಗುಂಯ್ ಅಂತ ನಿಲ್ಲುತ್ತೆ, ಒಂದೆರಡು ನಿಮಿಷ ಹಾಗೇ ಬಿಟ್ಟರೆ ವೈಂಡಿಂಗ್ ಹೋಯ್ತು.

ಗ್ರಿಡ್_ಗಿರಾಕಿ
ಹಾಗಾದರೆ 276 ವೋಲ್ಟ್ ಕೊಟ್ಟರೆ ಮತ್ತೆ 4.6 ಬರುತ್ತಲ್ಲ, ಟಾರ್ಕ್ ವಾಪಸ್.

ಸುರುಳಿಸುತ್ತು
ಬರುತ್ತೆ, ವೇಗ ಹಾಗೇ ಉಳಿಯುತ್ತೆ. ಮೇಲಾಗಿ 276 ಕೊಡೋ ಟ್ರಾನ್ಸ್‌ಫಾರ್ಮರ್ ಯಾವ ಅಂಗಡಿಯಲ್ಲಿ ಸಿಗುತ್ತೆ? ಕಾಗದದ ಮೇಲಿನ ಪರಿಹಾರ.

ಹುಬ್ಬಳ್ಳಿ_ವೈಂಡಿಂಗ್
ಬೆಲ್ಟ್ ಇರೂ ಗ್ರೈಂಡರ್ ಆದ್ರ ಮೋಟರ್ ಕಡೀ ಪುಲ್ಲಿ ಸಣ್ಣದ ಮಾಡ್ರಿ. ಆರರಾಗ ಐದು ಭಾಗ. 30 ಮಿಲಿಮೀಟರ್ ಇದ್ರ 25. ಕಲ್ಲಿನ ಸ್ಪೀಡ್ ಮೊದಲಿನಂಗ ಆಗ್ತೈತಿ, ಮೋಟರ್ ಮ್ಯಾಲಿನ ಭಾರಾನೂ ಅಷ್ಟ ಇಳೀತೈತಿ. ಬೆಲ್ಟ್ ಸಡ್ಲ ಆಗ್ತೈತಿ, ಮೋಟರ್ ಬೋಲ್ಟ್ ಸಡಲಿಸಿ ಹಿಂದಕ್ಕ ಜಗ್ಗಿ ಬಿಗೀರಿ. ಬೆರಳಿಲೆ ಒತ್ತಿದ್ರ ಅರ್ಧ ಇಂಚು ಬಗ್ಗಬೇಕು, ಅದಕ್ಕಿಂತ ಬಿಗಿ ಮಾಡಿದ್ರ ಬುಶ್ ತಿಂತೈತಿ. ಇಷ್ಟಾದ ಮ್ಯಾಲೂ ಖಾಲಿ ಸ್ಟಾರ್ಟ್ ಮಾಡ್ರಿ, ಬ್ಯಾಳಿ ಸ್ವಲ್ಪ ಸ್ವಲ್ಪ ಹಾಕ್ರಿ.

ಆಸ್ಟಿನ್_ಅವಲಕ್ಕಿ
ಇಷ್ಟೆಲ್ಲ ಯಾಕೆ? ನಮ್ಮ ಕಡೆಯ ಕಂಪನಿಗಳೇ 110 ವೋಲ್ಟ್ 60 ಹರ್ಟ್ಜ್ ಗ್ರೈಂಡರ್ ಮಾಡಿ ಇಲ್ಲಿ ಮಾರುತ್ತವೆ, ಮಿಕ್ಸಿಯೂ ಸಿಗುತ್ತೆ. ಕಲ್ಲಿನ ತೂಕಕ್ಕೆ ಕೊಡೋ ಲಗೇಜ್ ದುಡ್ಡೂ ಉಳಿಯುತ್ತೆ. ಕೊಳ್ಳುವಾಗ ಪೆಟ್ಟಿಗೆ ಮೇಲೆ ಹರ್ಟ್ಜ್ ನೋಡಿ. "110 ವೋಲ್ಟ್" ಅಂತಷ್ಟೇ ಬರೆದು 50 ಹರ್ಟ್ಜ್ ಮೋಟರ್‌ಗೇ ಒಳಗೊಂದು ಸಣ್ಣ ಟ್ರಾನ್ಸ್‌ಫಾರ್ಮರ್ ಸೇರಿಸಿದ ಮಾಲೂ ಇರಬಹುದು.

ಬೆಣ್ಣೆದೋಸೆ
ಮನೆ ಇನ್ವರ್ಟರ್ ಇಲ್ವಾ ಗುರು? ಬ್ಯಾಟರಿಯಿಂದ 230 ವೋಲ್ಟ್ 50 ಹರ್ಟ್ಜ್ ತಾನೇ ಹುಟ್ಟಿಸುತ್ತೆ. ಡಲ್ಲಾಸಲ್ಲಿ ಕೂತು ಬೆಸ್ಕಾಂ ಕರೆಂಟ್.

ಗ್ರಿಡ್_ಗಿರಾಕಿ
ತಮಾಷೆಗೆ ಹೇಳಿದರೂ ಸರಿಯಾಗೇ ಹೇಳಿದಿರಿ. ಹರ್ಟ್ಜ್ ಬದಲಿಸೋಕೆ ಮನೆಯಲ್ಲಿ ಆಗೋ ದಾರಿ ಅದೇ: ಎಸಿಯನ್ನ ಡಿಸಿ ಮಾಡಿ ಮತ್ತೆ ಹೊಸ ಎಸಿ ಹುಟ್ಟಿಸೋದು. 12 ವೋಲ್ಟಿಂದ 230 ವೋಲ್ಟ್ 50 ಹರ್ಟ್ಜ್ ಕೊಡೋ ಪ್ಯೂರ್ ಸೈನ್ (ಗ್ರಿಡ್ ಥರದ ನಯವಾದ ಅಲೆಯ) ಇನ್ವರ್ಟರ್, ಒಂದು 12 ವೋಲ್ಟ್ ಬ್ಯಾಟರಿ, ಅಲ್ಲಿನ ಚಾರ್ಜರ್. ಗ್ರೈಂಡರ್ 200 ವ್ಯಾಟ್ ಎಳೆದರೆ ಬ್ಯಾಟರಿಯಿಂದ ಸುಮಾರು 20 ಆಂಪಿಯರ್, ಅರ್ಧ ಗಂಟೆ ರುಬ್ಬಿದರೆ 10 ಆಂಪಿಯರ್ ಅವರ್. ಸ್ಕ್ವೇರ್ ವೇವ್ ಬೇಡ, ಮೋಟರ್ ಒದರುತ್ತೆ, ಕಾಯುತ್ತೆ.

ಸುರುಳಿಸುತ್ತು
ಇನ್ವರ್ಟರ್ 300 ವ್ಯಾಟಿಂದು ತಂದರೆ ಸ್ಟಾರ್ಟ್ ಆಗುವಾಗಲೇ ಕೈಯೆತ್ತುತ್ತೆ, 1000 ವ್ಯಾಟಿಂದು ಬೇಕು. ಬ್ಯಾಟರಿ ಬದಲು 30 ಆಂಪಿಯರ್ ಡಿಸಿ ಸಪ್ಲೈ ಸಾಕಲ್ವಾ ಅಂತ ಕೇಳೋರಿಗೂ ಇದೇ ಉತ್ತರ: ಆ ಮೊದಲ ಎಳೆತಕ್ಕೆ ಸಪ್ಲೈ ಕಟ್ ಆಗುತ್ತೆ, ಬ್ಯಾಟರಿ ತಡೆಯುತ್ತೆ. ಇಷ್ಟೆಲ್ಲ ಸೇರಿಸಿದರೆ ಹೊಸ ಗ್ರೈಂಡರಿನ ದುಡ್ಡು ದಾಟುತ್ತೆ ಅನ್ನೋದು ಬೇರೆ ಮಾತು.

ಕುಡ್ಲದ_ಕರೆಂಟು
ಅಮೆರಿಕದ್ದೇ ಮಾತಾಡ್ತಾ ಇದ್ದೀರಿ ಮಾರಾಯ್ರೆ, ನಮ್ಮ ಊರಿಗೆ ಸೌದಿಯ ಸಾಮಾನು ಬರ್ತದಲ್ಲ, ಅದರದ್ದೂ ಇದೇ ಲೆಕ್ಕ ಉಂಟು. ಗಲ್ಫ್ ಅಂದ್ರೆ ಎಲ್ಲ ಒಂದೇ ಅಂತ ಜನ ಗ್ರಹಿಸ್ತಾರೆ. ದುಬೈ, ಕುವೈತ್, ಕತಾರ್, ಮಸ್ಕತ್, ಬಹ್ರೈನ್ ಎಲ್ಲ ಕಡೆ 230 ಇಲ್ಲ 240 ವೋಲ್ಟ್, 50 ಹರ್ಟ್ಜ್. ಅಲ್ಲಿಯ ಫ್ರಿಜ್ ಮಂಗಳೂರಲ್ಲಿ ಪಿನ್ ಬದಲಿಸಿದರೆ ಆಯ್ತು. ಸೌದಿ ಒಂದು ಮಾತ್ರ 60 ಹರ್ಟ್ಜ್. ಹಳೆ ಮನೆಗಳಲ್ಲಿ 127 ಮತ್ತು 220 ಎರಡೂ ಸಾಕೆಟ್. ಈಗ 230ಕ್ಕೆ ಬದಲಾಗ್ತಾ ಉಂಟು, ಹರ್ಟ್ಜ್ ಮಾತ್ರ 60ರಲ್ಲೇ.

ಸೌದಿಯ ದಮ್ಮಾಮಿನ 220 ವೋಲ್ಟ್ 60 ಹರ್ಟ್ಜ್ ಏರ್ ಕಂಡಿಷನರ್ ತಂದು ಇಲ್ಲಿ ಹಾಕಿದ್ರೆ "220 ಅಲ್ವಾ, ಆಗ್ತದೆ" ಅಂತ ಹೇಳ್ತಾರೆ. ಸುರುಳಿಸುತ್ತು ಹೇಳಿದ ಭಾಗಾಕಾರ ಮಾಡಿ: 220 ಭಾಗಿಸು 60 ಅಂದ್ರೆ 3.67, ಇಲ್ಲಿ 230 ಭಾಗಿಸು 50 ಅಂದ್ರೆ 4.6. ಕಬ್ಬಿಣಕ್ಕೆ ಕಾಲು ಭಾಗ ಹೆಚ್ಚು ಹೊರೆ. ಕಬ್ಬಿಣದಲ್ಲಿ ಕಾಂತತ್ವ ತುಂಬಿದ ಮೇಲೆ ಕರೆಂಟ್ ಒಮ್ಮೆಲೇ ಏರ್ತದೆ, ಕಂಪ್ರೆಸರ್ ಬಿಸಿಯಾಗಿ ಓವರ್‌ಲೋಡ್ ಕಟ್ ಆಗ್ತದೆ, ತಣಿದು ಮತ್ತೆ ಹತ್ತಿಕೊಳ್ತದೆ, ಮತ್ತೆ ಕಟ್. ಎಪ್ರಿಲ್ ತಿಂಗಳ ಸೆಖೆಗೆ ಕಥೆ ಮುಗೀತದೆ. ಇಂಥದ್ದಕ್ಕೆ ಸ್ಟೆಬಿಲೈಸರ್ ಮಾರುವವರೂ ಇದ್ದಾರೆ. ಸ್ಟೆಬಿಲೈಸರ್ ವೋಲ್ಟ್ ಮುಟ್ತದೆ, ಹರ್ಟ್ಜ್ ಮುಟ್ಟುವುದಿಲ್ಲ. ತಗೊಳ್ಳುವವರು ನೇಮ್‌ಪ್ಲೇಟಿನಲ್ಲಿ 50/60 ಉಂಟಾ ನೋಡಿ.

ಗ್ರಿಡ್_ಗಿರಾಕಿ
ಅದೇ ಕಾರಣಕ್ಕೆ ಗಲ್ಫ್ ದೇಶಗಳ ಜಂಟಿ ಗ್ರಿಡ್ಡಿಗೆ ಸೌದಿಯನ್ನ ಸೇರಿಸೋಕೆ ಅಲ್ಲಿನ ಅಲ್ ಫಧಿಲಿಯಲ್ಲಿ 1,800 ಮೆಗಾವ್ಯಾಟಿನ ಡಿಸಿ ಕೊಂಡಿ ಹಾಕಬೇಕಾಯ್ತು. ಬೆಣ್ಣೆದೋಸೆಯವರ ಇನ್ವರ್ಟರ್ ಐಡಿಯಾವೇ, ಸೈಜ್ ಬೇರೆ.

ನಗೋಯಾ_ನೀರ್‌ದೋಸೆ
ಜಪಾನ್ ಬಿಟ್ಟುಹೋದರೆ ಈ ಚರ್ಚೆ ಅಪೂರ್ಣ. ಇಲ್ಲಿ ಒಂದೇ ದೇಶದೊಳಗೆ ಎರಡು ಹರ್ಟ್ಜ್. 1890ರ ದಶಕದಲ್ಲಿ ಟೋಕಿಯೋದವರು ಜರ್ಮನಿಯ ಎಇಜಿಯಿಂದ 50 ಹರ್ಟ್ಜ್ ಜನರೇಟರ್ ತಂದರು, ಒಸಾಕಾದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ 60 ಹರ್ಟ್ಜ್‌ದು. ಆ ಗಡಿ ಇವತ್ತಿಗೂ ಫುಜಿ ನದಿಯಿಂದ ಇತೊಯಿಗಾವಾವರೆಗೆ ಇದೆ. 2011ರ ಭೂಕಂಪದಲ್ಲಿ ಪೂರ್ವಕ್ಕೆ ಕರೆಂಟ್ ಇಲ್ಲ, ಪಶ್ಚಿಮದಲ್ಲಿ ಇದ್ದರೂ ಆಚೆ ದಾಟಿಸೋಕೆ ಆಗ್ತಿದ್ದದ್ದು ಸುಮಾರು 1,000 ಮೆಗಾವ್ಯಾಟ್ ಅಷ್ಟೆ. 2021ರಲ್ಲಿ ಹಿದಾ–ಶಿನಾನೋ ಕೊಂಡಿ ಸೇರಿ 2,100 ಆಯ್ತು.

ಇಲ್ಲಿಗೆ ಮಿಕ್ಸಿ ತರೋರಿಗೆ: ಎರಡೂ ಕಡೆ 100 ವೋಲ್ಟ್. ಅಮೆರಿಕಕ್ಕೆ ಅಂತ ಮಾಡಿದ ಒಂದಕ್ಕೆರಡು ಟ್ರಾನ್ಸ್‌ಫಾರ್ಮರ್ ಹಾಕಿದರೆ ಬರೋದು 200, ಮಿಕ್ಸಿ ಸೊರಗುತ್ತೆ. "100ರಿಂದ 230" ಅಂತಲೇ ಬರೆದಿರೋದು ಕೇಳಿ. ಹಾಗೇ ಜಪಾನಿನ ರೈಸ್ ಕುಕ್ಕರನ್ನ ಅಮೆರಿಕಕ್ಕೆ ಒಯ್ಯಬೇಡಿ. 100ರದ್ದಕ್ಕೆ 120 ಕೊಟ್ಟರೆ ಶಾಖ 44 ಶೇಕಡಾ ಜಾಸ್ತಿ, ಥರ್ಮಲ್ ಫ್ಯೂಸ್ ಹಾರುತ್ತೆ.

ಆಸ್ಟಿನ್_ಅವಲಕ್ಕಿ
ಅಮೆರಿಕದಿಂದ ವಾಪಸ್ ಬರೋರಿಗೂ ಒಂದು ಮಾತು. 120ರ 1000 ವ್ಯಾಟ್ ಇಸ್ತ್ರಿಯನ್ನ ಬೆಂಗಳೂರಿನ 230ಕ್ಕೆ ಚುಚ್ಚಿದರೆ ಲೆಕ್ಕಕ್ಕೆ 3,670 ವ್ಯಾಟ್, ಕ್ಷಣದಲ್ಲಿ ಹೋಯ್ತು. ಮೈಕ್ರೋವೇವ್ ಅಂತೂ ತರಲೇಬೇಡಿ. ಅದರೊಳಗಿನ ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್ ಜೋಡಿ 60 ಹರ್ಟ್ಜ್‌ಗೇ ಹೊಂದಿಸಿದ್ದು, ಸ್ಟೆಪ್ ಡೌನ್ ಹಾಕಿದರೂ ಸರಿ ಹೋಗಲ್ಲ. ಲೈನಿನ ಸೈಕಲ್ ಎಣಿಸಿ ಓಡೋ ಗಡಿಯಾರ ಭಾರತದಲ್ಲಿ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತೆ. ಟ್ರಾನ್ಸ್‌ಫಾರ್ಮರನ್ನೂ ನೋಡಿ ಒಯ್ಯಿರಿ: ಬರೀ 60 ಹರ್ಟ್ಜ್ ಅಂತಿದ್ದರೆ ಭಾರತದಲ್ಲಿ ಅದೂ ಕಾಯುತ್ತೆ, ಕಬ್ಬಿಣದ ಅದೇ ಲೆಕ್ಕ. 50/60 ಅಂತಿರೋದು ಎರಡೂ ಕಡೆ ಆಗುತ್ತೆ.

ಬೆಣ್ಣೆದೋಸೆ
ಗಂಟೆಗೆ ಹತ್ತು ನಿಮಿಷ ಹಿಂದೆ ಅಂದ್ರೆ ನಮ್ಮ ಮದುವೆ ಮುಹೂರ್ತಕ್ಕೆ ಸರಿಯಾಗಿದೆ.

ರಾತ್ರಿಪಾಳಿ
ಅಮೆರಿಕದವರು 120 ಇಟ್ಟುಕೊಂಡಿರೋದು ಸೇಫ್ಟಿಗೆ ತಾನೇ? ನಾವೂ ಹಾಗೇ ಮಾಡಬಹುದಿತ್ತು.

ಗ್ರಿಡ್_ಗಿರಾಕಿ
ಸೇಫ್ಟಿಗೆ ಅಂತ ಕೂತು ಆರಿಸಿದ್ದಲ್ಲ. ಎಡಿಸನ್ನರ ಕಾಲದ ಕಾರ್ಬನ್ ಫಿಲಮೆಂಟ್ ಬಲ್ಬಿಗೆ 110ರ ಆಸುಪಾಸು ಹೊಂದುತ್ತಿತ್ತು, ಅದೇ ಉಳಿಯಿತು. ಬರ್ಲಿನ್‌ನವರು 1899ರಲ್ಲಿ 220ಕ್ಕೆ ಹೋದರು, ಅದೇ ತಂತಿಯಲ್ಲಿ ಹೆಚ್ಚು ಗಿರಾಕಿಗಳಿಗೆ ಕೊಡಬಹುದು ಅಂತ. 1500 ವ್ಯಾಟ್‌ಗೆ 120ರಲ್ಲಿ 12.5 ಆಂಪಿಯರ್, 230ರಲ್ಲಿ 6.5. ಕರೆಂಟ್ ಎರಡರಷ್ಟಾದರೆ ಅದೇ ತಂತಿ ನಾಲ್ಕರಷ್ಟು ಕಾಯುತ್ತೆ.

ಮೂರುಪಿನ್
120 ಹೊಡೆದರೂ ಜನ ಸಾಯುತ್ತಾರೆ. ಉಳಿಸೋದು ಲೀಕೇಜ್ ಬ್ರೇಕರ್, ಅಂದರೆ ಕರೆಂಟ್ ನೆಲಕ್ಕೆ ಸೋರಿದರೆ ಬೀಳೋದು. ನಮ್ಮಲ್ಲಿ ಆರ್‌ಸಿಸಿಬಿ 30 ಮಿಲಿ ಆಂಪಿಯರ್‌ಗೆ ಬೀಳುತ್ತೆ, ಅಮೆರಿಕದ ಅಡುಗೆಮನೆಯ ಜಿಎಫ್‌ಸಿಐ 5ರ ಸುತ್ತ. ನಿಜಕ್ಕೂ ಸೇಫ್ಟಿಗೆ ವೋಲ್ಟ್ ಇಳಿಸಿದ್ದು ನೋಡಬೇಕಾದರೆ ಬ್ರಿಟನ್ನಿನ ಕಟ್ಟಡ ಕೆಲಸದ ಹಳದಿ ಟ್ರಾನ್ಸ್‌ಫಾರ್ಮರ್: 110 ವೋಲ್ಟ್, ನಡುವೆ ಅರ್ಥ್, ಹಾಗಾಗಿ ಯಾವ ತಂತಿ ಮುಟ್ಟಿದರೂ ನೆಲಕ್ಕೆ 55 ಮಾತ್ರ.

ಸುರುಳಿಸುತ್ತು
ಬ್ರಿಟನ್ ಅಂದಾಗ ನೆನಪಾಯ್ತು. ಅಲ್ಲಿ 240 ಇದ್ದದ್ದು 1995ರಲ್ಲಿ "230" ಆಯ್ತು, ಯಾರ ಮನೆಯ ವೋಲ್ಟೂ ಬದಲಾಗಲಿಲ್ಲ. ಮೇಲೆ 10, ಕೆಳಗೆ 6 ಶೇಕಡಾ ಅಂತ ಬರೆದರು, ಅಂದರೆ 216ರಿಂದ 253. ಹಳೆಯ 240 ಅದರೊಳಗೇ ಕೂತಿತು. ಲಂಡನ್ನಿಗೆ ಹೋಗೋರು ನಮ್ಮ ಮಿಕ್ಸಿ ಕಣ್ಮುಚ್ಚಿ ಒಯ್ಯಿರಿ, ಪ್ಲಗ್ ಮಾತ್ರ ಬದಲಿಸಿ.

ಕುಡ್ಲದ_ಕರೆಂಟು
ಪ್ಲಗ್ ವಿಷಯ ಬಂತಲ್ಲ. ದುಬೈಯಲ್ಲಿ ಬ್ರಿಟಿಷ್ ಸಾಕೆಟಿನ ಮೇಲಿನ ತೂತಿಗೆ ಪೆನ್ನು ಹಾಕಿ ನಮ್ಮ ಎರಡು ಪಿನ್ ತುರುಕುವ ಬುದ್ಧಿವಂತರು ಇದ್ದಾರೆ. ಬ್ರಿಟಿಷ್ ಪ್ಲಗ್ಗಿನ ಒಳಗೆ 13 ಆಂಪಿಯರಿನವರೆಗಿನ ಫ್ಯೂಸ್ ಇರುವುದೇ ಸಾಮಾನಿನ ವಯರನ್ನು ಕಾಯ್ಲಿಕ್ಕೆ. ಪೆನ್ನಿನಲ್ಲಿ ಫ್ಯೂಸ್ ಉಂಟಾ?

ರಾತ್ರಿಪಾಳಿ
ಗಿರಾಕಿ ಅವರೇ, ಶಿವನಸಮುದ್ರದಲ್ಲಿ ಮೊದಲಿಂದಲೂ 50 ಇತ್ತಾ?

ಗ್ರಿಡ್_ಗಿರಾಕಿ
ಇಲ್ಲ. 1902ರಲ್ಲಿ ಕೆಜಿಎಫ್‌ಗೆ ಲೈನ್ ಎಳೆದಾಗ 25 ಸೈಕಲ್, ಅಂದರೆ 25 ಹರ್ಟ್ಜ್. ಗಣಿಯ ನಿಧಾನದ ದೊಡ್ಡ ಮೋಟರ್‌ಗಳಿಗೆ, ಉದ್ದದ ಲೈನಿಗೆ ಅದು ಒಳ್ಳೇದು. ಬಲ್ಬ್ ಮಾತ್ರ 25ರಲ್ಲಿ ಕಣ್ಣಿಗೆ ಕಾಣೋ ಹಾಗೆ ಮಿಣುಕುತ್ತೆ. ಈಗಂತೂ ಇಡೀ ದೇಶಕ್ಕೆ ಒಂದೇ ಲಯ: 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಸೇರಿದ ಮೇಲೆ ದಕ್ಷಿಣದ ಗ್ರಿಡ್ಡೂ ಉತ್ತರದ ಜೊತೆಗೇ ತಿರುಗುತ್ತೆ.

ಮೂರುಪಿನ್
ವಿಷಯಕ್ಕೆ ಬನ್ನಿ. ಡಲ್ಲಾಸ್‌ನವರಿಗೆ ಮುಖ್ಯವಾದದ್ದು ಯಾರೂ ಹೇಳಿಲ್ಲ: ವಯರಿನ ಬಣ್ಣ. ನಮ್ಮ ಹಳೇ ವೈರಿಂಗಲ್ಲಿ ಕಪ್ಪು ಅಂದರೆ ನ್ಯೂಟ್ರಲ್. ಅಮೆರಿಕದಲ್ಲಿ ಕಪ್ಪು ಅಂದರೆ ಫೇಸ್, ಬಿಳಿ ನ್ಯೂಟ್ರಲ್, ಹಸಿರು ಅರ್ಥ್. ಮಿಕ್ಸಿಯ ವಯರಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಳದಿ-ಹಸಿರು ಅರ್ಥ್. ಅಲ್ಲಿ ಕೂತು ನೀವೇ ಪ್ಲಗ್ ಬದಲಿಸೋದಾದರೆ ಈ ಮೂರು ಸಾಲು ಬರೆದಿಟ್ಟುಕೊಳ್ಳಿ.

ಕಬ್ಬನ್‌ಪೇಟೆ_ಹುಡುಗಿ
ಬರೆದುಕೊಂಡೆ. ಆಟೋ ಟ್ರಾನ್ಸ್‌ಫಾರ್ಮರ್, ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಅಂತ ಎರಡು ಕಾಣ್ತಿದೆ, ಎರಡನೇದು ದುಬಾರಿ. ಯಾವುದು? ಮತ್ತೆ, ಅಲ್ಲಿ ಬಟ್ಟೆ ಡ್ರೈಯರಿಗೆ 240 ಇರುತ್ತಂತಲ್ಲ, ಅದಕ್ಕೇ ಮಿಕ್ಸಿ ಹಾಕಬಹುದಾ?

ಆಸ್ಟಿನ್_ಅವಲಕ್ಕಿ
ಡ್ರೈಯರಿನ ಸಾಕೆಟ್ 30 ಆಂಪಿಯರ್‌ದು. ನಿಮ್ಮ ಮಿಕ್ಸಿಯ ತೆಳು ವಯರಿಗೆ ತೊಂದರೆಯಾದರೂ ಆ ಬ್ರೇಕರ್ ಬೀಳಲ್ಲ, ವಯರೇ ಉರಿಯುತ್ತೆ. ಮೇಲಾಗಿ ಇಲ್ಲಿನ 240ರಲ್ಲಿ ಎರಡೂ ತಂತಿ ಫೇಸ್, ತಲಾ 120. ಮಿಕ್ಸಿಯ ಸ್ವಿಚ್ ಒಂದನ್ನ ಮಾತ್ರ ಕಡಿಯುತ್ತೆ, ಆಫ್ ಮಾಡಿದರೂ ಒಳಗೆ 120 ನಿಂತಿರುತ್ತೆ. ಸ್ವಂತ ಮನೆಯಾದರೆ ಎಲೆಕ್ಟ್ರಿಷಿಯನ್ ಕರೆಸಿ ಎರಡು ಪೋಲಿನ 15 ಆಂಪಿಯರ್ ಬ್ರೇಕರ್, ನೆಮಾ 6-15 (ಇಲ್ಲಿನ 240 ವೋಲ್ಟ್, 15 ಆಂಪಿಯರ್) ಸಾಕೆಟ್ ಹಾಕಿಸಬಹುದು. ಬಾಡಿಗೆ ಮನೆಯಲ್ಲಿ ಆ ಯೋಚನೆ ಬೇಡ.

ಸುರುಳಿಸುತ್ತು
ಮಿಕ್ಸಿ ಒಂದಕ್ಕೇ ಆದರೆ ಆಟೋ ಸಾಕು, 2000 ವಿಎ, ಮೂರು ಪಿನ್ನಿಂದು, ಅರ್ಥ್ ತಂತಿ ಒಳಗಿಂದ ಹೊರಗಿನವರೆಗೆ ನೇರ ಬಂದಿರಬೇಕು. ಮಲ್ಟಿಮೀಟರಲ್ಲಿ ಎರಡೂ ಕಡೆಯ ಅರ್ಥ್ ಪಿನ್ ಮುಟ್ಟಿಸಿ, ಬೀಪ್ ಬರಬೇಕು. ಐಸೊಲೇಷನ್ (ಒಳಗೆ ಬರೋ, ಹೊರಗೆ ಹೋಗೋ ಸುರುಳಿ ಬೇರೆ ಬೇರೆ ಇರೋದು) ತಗೊಂಡರೆ ಇನ್ನೊಂದು ಗೊತ್ತಿರಲಿ: ಅದರ ಔಟ್‌ಪುಟ್ ಕಡೆ ಲೀಕ್ ಆದರೆ ಗೋಡೆಯ ಜಿಎಫ್‌ಸಿಐಗೆ ಕಾಣಲ್ಲ, ಅದು ಬೀಳಲ್ಲ.

ಹುಬ್ಬಳ್ಳಿ_ವೈಂಡಿಂಗ್
ಹೋಗೂ ಮುಂದ ಮಿಕ್ಸಿಗೆ ಒಂದ್ ಜೋಡಿ ಕಾರ್ಬನ್ ಬ್ರಷ್, ಒಂದ್ ಕಪ್ಲರ್ ತಗೊಂಡ್ ಹೋಗ್ರಿ. ಅದ ಮಾಡಲ್ದ್ದ ಇರ್ಲಿ, ಅಲ್ಲಿ ಸಿಗೂದಿಲ್ಲ.